ಕೋಟಕ್ಕನ ತುಟಿ

ಎದುರಿಗಿದ್ದವರು ಮಾತಾಡುವಾಗ ಕೋಟಕ್ಕನ ತುಟಿಯೂ ಅಲುಗುತ್ತಿತ್ತು. ಸದ್ದಿಲ್ಲ, ತುಟಿ ಮಾತ್ರ, ಆಡುವವರಿಗಿಂತ ಅರೆಗಳಿಗೆ ಮುಂಚೆ ಅವರ ಮುಂದಿನ ಮಾತಿನ ಆಕಾರ ತಾಳಿ, ಅವರು ಬಂದು ಸೇರಿಕೊಳ್ಳುವವರೆಗೆ ಕಾದು, ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಮೊದಲ ಸಲ ನೋಡಿದವರು ಈಕೆ ತಮ್ಮನ್ನು ಅಣಕಿಸುತ್ತಿದ್ದಾಳೆಂದು ಮುಖ ಸಿಂಡರಿಸಿಕೊಂಡದ್ದುಂಟು. ಹಣ್ಣಿನ ಅಂಗಡಿಯವನೊಬ್ಬ ತಕ್ಕಡಿಯನ್ನು ಕೆಳಗಿಟ್ಟು, "ಎಲ್ಲಾ ನೀವೇ ಹೇಳೋದಾದ್ರೆ ಬನ್ನಿ ಅಮ್ಮ, ಈ ಕಡೆ ಬಂದು ಕೂತ್ಕೊಳ್ಳಿ, ನಾನು ಮನೆಗೆ ಹೋಗ್ತೀನಿ" ಎಂದಿದ್ದ. ಅವಳಿಗೆ ನಾಚಿಕೆಯಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಹಿಂದೆ ತುಟಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು.

ಅದು ಅವಳಿಗೆ ಕಸುಬಿನಿಂದ ಅಂಟಿದ ಗುಣ. ಹಳೆಯ ರಂಗಮಂದಿರವೊಂದರ ನಾಟಕ ತಂಡದಲ್ಲಿ ಅವಳು ಪ್ರಾಂಪ್ಟರ್. ರಂಗದ ಎಡಗಡೆಯ ವಿಂಗಿನಲ್ಲಿ, ಕಪ್ಪು ಬಟ್ಟೆಯ ಮರೆಯಲ್ಲಿ, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟನಿಗೆ ಮೊದಲ ಎರಡು ಪದಗಳನ್ನು ಪಿಸುಗುಟ್ಟಿ ಕೊಡುವುದು ಅವಳ ಕೆಲಸ. ಹಿಂಬಾಗಿಲಿನ ಸಂದಿಯಿಂದ ಗಾಳಿ ನೇರವಾಗಿ ಆ ಸ್ಟೂಲಿಗೇ ಬಡಿಯುತ್ತಿದ್ದುದರಿಂದ, ಎಂದೋ ಆಡಿ ಬಿಟ್ಟ ನಾಟಕದ ಪೊಲೀಸಿನವನ ಕೋಟನ್ನು ವೇಷದ ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡವಳು ಅದನ್ನು ಮತ್ತೆ ಪೆಟ್ಟಿಗೆಗೆ ಹಾಕಲಿಲ್ಲ. ಭುಜದ ಮೇಲೆ ಎರಡು ಹಿತ್ತಾಳೆಯ ನಕ್ಷತ್ರ, ಜೇಬಿನಲ್ಲಿ ಸೇಫ್ಟಿ ಪಿನ್ನು, ಗುಂಡಿ, ಸೂಜಿ ಚುಚ್ಚಿದ ದಾರದ ಉಂಡೆ, ಗಂಟಲಿಗೆ ಪೆಪ್ಪರ್‌ಮಿಂಟು. ತಂಡದವರು ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ, ಅವಳನ್ನು ಕೋಟಕ್ಕ ಎಂದೇ ಕರೆದರು. ಅವಳ ಮೊಣಕಾಲ ಮೇಲೆ ನಾಟಕದ ಪುಸ್ತಕ ಇರುತ್ತಿತ್ತು, ಮುಚ್ಚಿಕೊಂಡು. ತೆರೆದು ನೋಡುವುದು ಅವಳಿಗೆ ಅವಮಾನ. ಪುಸ್ತಕ ಪದವನ್ನು ಹೇಳಬಲ್ಲದು, ಯಾವಾಗ ಹೇಳಬೇಕು ಎಂಬುದನ್ನು ಹೇಳಲಾರದು ಎಂಬುದು ಅವಳ ವಾದ. ಬೇಗ ಕೊಟ್ಟರೆ ನಟನಿಗೆ ಸಿಟ್ಟು, ತಡವಾದರೆ ಪ್ರೇಕ್ಷಕರಿಗೆ ಮೌನ ಕೇಳಿಸಿಬಿಡುತ್ತದೆ. ಆ ನಡುವಿನ ಗಳಿಗೆಯನ್ನು ಅವಳು ನಟನ ಕತ್ತಿನಲ್ಲಿ ಓದುತ್ತಿದ್ದಳು. ಮರೆತವನ ಮುಖ ಸುಳ್ಳು ಹೇಳಬಲ್ಲದು, ಕತ್ತು ಹೇಳಲಾರದು. ಕಿವಿಯ ಕೆಳಗಿನ ನರ ಒಂದು ಸಲ ಎದ್ದು ಕೂರುತ್ತದೆ, ತಲೆ ಎಡಕ್ಕೆ ಒಂದಿಷ್ಟು ವಾಲುತ್ತದೆ.

ಮನೆಯಲ್ಲಿಯೂ ಅವಳದು ಅದೇ ಕೆಲಸವಾಗಿತ್ತು. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಅದನ್ನು ಕೆಲಸ ಎಂದು ಯಾರೂ ಕರೆದಿರಲಿಲ್ಲ. ವಿಮಾ ಕಚೇರಿಯಲ್ಲಿ ಮೇಲ್ವಿಚಾರಕರಾಗಿದ್ದ ಗಂಡ ಯಾವ ಸಮಾರಂಭಕ್ಕೆ ಹೋದರೂ ಎದುರಿಗೆ ಪರಿಚಯದ ಮುಖ ಬಂದೊಡನೆ ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದರು. ಅವರ ಹಿಂದೆ ಅರ್ಧ ಹೆಜ್ಜೆ ಬಿಟ್ಟು ನಿಂತಿರುತ್ತಿದ್ದ ಕೋಟಕ್ಕ, "ಡಿಪೋ ಮ್ಯಾನೇಜರು, ಮಗಳ ಕಾಲು ಮುರಿದಿತ್ತು" ಎಂದು ಪಿಸುಗುಟ್ಟುತ್ತಿದ್ದಳು. ಮರುಗಳಿಗೆಯೇ ಗಂಡ ಎರಡೂ ಕೈ ಚಾಚಿ, "ಏನ್ರೀ, ಮಗಳು ಓಡಾಡ್ತಿದ್ದಾಳಾ ಈಗ?" ಎಂದು ತುಂಬು ಕಂಠದಲ್ಲಿ ವಿಚಾರಿಸುತ್ತಿದ್ದರು. ಎಂಥ ನೆನಪಿನ ಶಕ್ತಿ, ಎಂಥ ಅಂತಃಕರಣ ಎಂದು ಜನ ಮೆಚ್ಚಿಕೊಳ್ಳುತ್ತಿದ್ದುದು ಅವರನ್ನು. ಅತ್ತೆಗೆ ರಕ್ತದೊತ್ತಡದ ಗುಳಿಗೆ ಯಾವುದು, ಮಂಡಿಯ ಗುಳಿಗೆ ಯಾವುದು. ಕಾಲೇಜಿಗೆ ಹೋಗುವ ಮಗಳಿಗೆ ಪ್ರಯೋಗಶಾಲೆಯ ಬಿಳಿ ಕೋಟು ಬೇಕಾದ ದಿನ ಯಾವುದು. ನಲ್ಲಿಯ ವಾಷರು ಸೋರಲು ಶುರುವಾದದ್ದು, ಅಗಸಗಿತ್ತಿಗೆ ಕೊಟ್ಟ ಹಾಸಿಗೆ ಬಟ್ಟೆಯಲ್ಲಿ ಒಂದು ವಾಪಸು ಬಾರದೆ ಇರುವುದು, ಎಲ್ಲವೂ ಅವಳ ತುಟಿಯ ಮೇಲೆ, ಮಿಕ್ಕವರಿಗೆ ಬೇಕಾಗುವುದಕ್ಕಿಂತ ಅರೆಗಳಿಗೆ ಮುಂಚೆ. ರಂಗಮಂದಿರದಲ್ಲಿಯಾದರೂ ಮೂರನೆಯ ಅಂಕ ಮುಗಿದ ಮೇಲೆ ಪರದೆ ಬೀಳುತ್ತಿತ್ತು.

ಇದಕ್ಕೆ ತೆತ್ತದ್ದನ್ನು ದೇಹ ತೋರಿಸತೊಡಗಿದ್ದು ನಿಧಾನವಾಗಿ. ಬಸ್ ಸ್ಟಾಪಿನವರೆಗೆ ನಡೆದುಹೋದವಳು ಗ್ಯಾಸಿನ ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತಿದ್ದಳು, ಆರಿಸಿಯೇ ಇರುತ್ತಿದ್ದಳು, ಮತ್ತೆ ಹೊರಟವಳಿಗೆ, ವಾಪಸು ಬಂದಾಗ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಪರದೆ ಏಳುವ ಮುನ್ನ ಎದೆ ಡವಗುಟ್ಟಿ ಅಂಗೈ ಬೆವರುತ್ತಿತ್ತು. ಒಂದು ಸಂಜೆ ನಟನ ಕತ್ತಿನ ನರ ಎದ್ದಿತು, ಕೊಡಬೇಕಾದ ಪದ ನಾಲಗೆಯ ಮೇಲೆಯೇ ಇತ್ತು, ಪಿಸುಮಾತು ಮಾತ್ರ ಹೊರಡಲೇ ಇಲ್ಲ. ಗಂಟಲನ್ನು ಯಾರೋ ಒಳಗಿನಿಂದ ಗುಂಡಿ ಹಾಕಿ ಮುಚ್ಚಿದಂತೆ. ಆ ನಟ ಹೇಗೋ ದಾಟಿಕೊಂಡ. ಕೋಟಕ್ಕ ಮಾರನೆಯ ದಿನ ವೈದ್ಯೆಯ ಬಳಿ ಹೋದಳು.

ವೈದ್ಯೆ ಎದೆಯ ಪರೀಕ್ಷೆ ಮಾಡಿಸಿದರು. ಎದೆಯಲ್ಲಿ ಏನೂ ಇರಲಿಲ್ಲ. ಆತಂಕ ಎಂದರು, ಸಣ್ಣ ಬಿಳಿಯ ಗುಳಿಗೆಯೊಂದನ್ನು ಬರೆದುಕೊಟ್ಟು, ಅದರಲ್ಲೂ ಅರ್ಧವೇ ಸಾಕು, ಸಂಜೆ ಒಂದು ಹೊತ್ತು ಎಂದರು. "ಸ್ವಲ್ಪ ಮಂಪರು ಅನ್ನಿಸಬಹುದು. ತಗೊಂಡ ಮೇಲಿನ ಕೆಲವು ಗಂಟೆ ಹೊಸ ವಿಷಯ ತಲೆಗೆ ಅಂಟೋದು ಕಷ್ಟ ಆಗಬಹುದು. ಹಳೇದೇನೂ ಅಳಿಸಿಹೋಗಲ್ಲ. ಏನಾದ್ರೂ ಬೇರೆ ಥರ ಅನ್ನಿಸಿದ್ರೆ ಬನ್ನಿ, ನೀವಾಗಿ ನಿಲ್ಲಿಸಬೇಡಿ." ವೈದ್ಯೆ ಇದನ್ನು ಹೇಳುವಾಗ ಕೋಟಕ್ಕನ ತುಟಿ ಅವರ ಮಾತಿನ ಮುಂದೆ ಮುಂದೆ ಹೋಗುತ್ತಿತ್ತು. ವೈದ್ಯೆ ಅದನ್ನು ನೋಡಿದರೂ ನೋಡದವರಂತೆ ಇದ್ದರು.

ಕೆಲವು ವಾರಗಳಲ್ಲಿ ಆ ತುಟಿ ನಿಂತಿತು.

ಮೊದಲು ಗಮನಿಸಿದವಳು ಮಗಳು. ಊಟದ ಮೇಜಿನ ಎದುರು ಕೂತು ಕಾಲೇಜಿನ ಜಗಳವೊಂದನ್ನು ವರ್ಣಿಸುತ್ತಿದ್ದವಳು ನಡುವೆ ನಿಲ್ಲಿಸಿ, "ಅಮ್ಮ, ಕೇಳಿಸ್ಕೊಳ್ತಿದ್ದೀಯಾ?" ಎಂದಳು.

"ಕೇಳ್ತಿದ್ದೀನಲ್ಲ."

"ಮತ್ತೆ ಬಾಯಿ ಯಾಕೆ ಸುಮ್ನಿದೆ?"

ಕೋಟಕ್ಕ ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡಳು. ನಿಜವಾಗಿಯೂ ಸುಮ್ಮನಿತ್ತು. ಮಗಳ ಮಾತು ಎಲ್ಲಿಗೆ ಹೋಗುತ್ತದೆ ಎಂದು ತನಗೆ ಗೊತ್ತೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು; ಗೊತ್ತಿಲ್ಲದೆ ಕೇಳುವುದು ಹಿತವಾಗಿತ್ತು, ಮುಂದಿನ ತಿರುವು ಕಾಣದ ರಸ್ತೆಯಲ್ಲಿ ಬೇರೆ ಯಾರೋ ಗಾಡಿ ಓಡಿಸುತ್ತಿರುವಾಗ ಕಿಟಕಿಯ ಪಕ್ಕ ಕೂತಂತೆ. ಬಸ್ ಸ್ಟಾಪಿನಿಂದ ವಾಪಸು ಬರುವುದು ನಿಂತಿತ್ತು. ಎದೆ ತನ್ನ ಜಾಗದಲ್ಲಿ ತಾನಿತ್ತು. ಆದರೆ ಮನೆಯಲ್ಲಿ ಒಂದೊಂದೇ ವಸ್ತು ತನ್ನ ಜಾಗ ಬಿಟ್ಟು ಹೋಗತೊಡಗಿತು. ಕತ್ತರಿ ಫ್ರಿಜ್ಜಿನಲ್ಲಿ ಸಿಕ್ಕಿತು. ಮಗಳ ಬಿಳಿ ಕೋಟು ಬೇಕಾದ ದಿನ ನೀರಿನಲ್ಲಿ ನೆನೆಯುತ್ತಿತ್ತು. ಒಂದು ಮಧ್ಯಾಹ್ನ ಅವಳು ಬೀರುವಿನ ಮುಂದೆ ನಿಂತು, ಏನನ್ನು ತೆಗೆಯಲು ಬಂದೆನೆಂದು ನೆನಪಾಗದೆ, ಅದರ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ಬಹಳ ಹೊತ್ತು ಕಳೆದಳು. ಹಾಗೆ ನಿಂತದ್ದಕ್ಕೆ ಭಯವಾಗಲಿಲ್ಲ. ಭಯವಾಗದೆ ಇದ್ದದ್ದಕ್ಕೆ, ಆಮೇಲೆ, ಸ್ವಲ್ಪ ಭಯವಾಯಿತು.

ದೊಡ್ಡ ರಂಪ ಆದದ್ದು ಗಂಡನ ಕಚೇರಿಯ ಬೀಳ್ಕೊಡುಗೆಯಲ್ಲಿ. ನಿವೃತ್ತರಾಗುತ್ತಿದ್ದ ಹಿರಿಯ ಅಧಿಕಾರಿಯ ಹೆಂಡತಿ ನಗುತ್ತ ಎದುರು ಬಂದರು. ಗಂಡ ತಲೆಯನ್ನು ಎಡಕ್ಕೆ ವಾಲಿಸಿದರು. ಹಿಂದಿನಿಂದ ಏನೂ ಬರಲಿಲ್ಲ. ಇನ್ನೂ ಒಂದಿಷ್ಟು ವಾಲಿಸಿದರು. ಕೋಟಕ್ಕ ಆ ಹೊತ್ತಿನಲ್ಲಿ ಛಾವಣಿಗೆ ಕಟ್ಟಿದ್ದ ಬಲೂನುಗಳಲ್ಲಿ ಒಂದು ಮಾತ್ರ ಗಾಳಿ ಕಳೆದುಕೊಂಡು ಮುದುಡುತ್ತಿರುವುದನ್ನು ನೋಡುತ್ತಿದ್ದಳು. ಕತ್ತು ಉಳುಕಿದವರಂತೆ ನಿಂತ ಗಂಡ ಕೊನೆಗೆ ಧೈರ್ಯ ಮಾಡಿ, "ತಾಯಿಯವರು ಆರೋಗ್ಯವಾಗಿದ್ದಾರಾ?" ಎಂದುಬಿಟ್ಟರು. ಆ ತಾಯಿ ತೀರಿಕೊಂಡು ತಿಂಗಳಾಗಿರಲಿಲ್ಲ. ಗಂಡನೇ ಹಾರ ತೆಗೆದುಕೊಂಡು ಹೋಗಿ ಬಂದಿದ್ದರು.

ಮನೆಗೆ ಬಂದ ಮೇಲೆ ಅವರು ಶೂ ಬಿಚ್ಚಲಿಲ್ಲ. "ನನ್ನ ಮಾನ ಹೋಯ್ತು. ಹಿಂದೆ ನಿಂತು ಏನು ಮಾಡ್ತಿದ್ದೆ ನೀನು?"

"ಬಲೂನ್ ನೋಡ್ತಿದ್ದೆ" ಎಂದಳು ಕೋಟಕ್ಕ, ಸುಳ್ಳು ಹೇಳಲು ತೋಚದೆ.

"ಬಲೂನ್" ಎಂದು ಗಂಡ ಅತ್ತೆಯ ಕಡೆ ತಿರುಗಿ ಹೇಳಿದರು, ಸಾಕ್ಷಿ ಒಪ್ಪಿಸುವವರಂತೆ.

"ಆ ಬಿಳೀ ಗುಳಿಗೆ ಇವಳ ತಲೆ ತಿಂತಿದೆ ನೋಡು" ಎಂದರು ಅತ್ತೆ. "ಮೊನ್ನೆ ನನಗೆ ಮಂಡಿ ಗುಳಿಗೆ ಕೊಡೋದನ್ನೇ ಮರೆತ್ಲು. ನಾನೂ ಸುಮ್ನಿದ್ದೆ, ಎಷ್ಟು ಹೊತ್ತಿಗೆ ನೆನಪಾಗತ್ತೆ ನೋಡೋಣ ಅಂತ. ರಾತ್ರಿಯಾದ್ರೂ ಇಲ್ಲ. ಮಂಡಿ ನೋವು ತಿಂದಿದ್ದು ನಾನು."

"ನಿಮಗೆ ನೆನಪಿತ್ತಲ್ಲ ಅತ್ತೆ, ತಗೋಬಹುದಿತ್ತು."

"ಅದು ಬೇರೆ ವಿಷಯ" ಎಂದರು ಅತ್ತೆ.

ಅಲ್ಲಿಂದ ಮನೆಯಲ್ಲಿ ವಿಚಾರಣೆ ಶುರುವಾಯಿತು. ನಿನ್ನೆ ಏನು ತಿಂದೆ, ಮೊನ್ನೆ ಯಾರು ಬಂದಿದ್ದರು, ನೀರಿನ ಬಿಲ್ಲು ಎಲ್ಲಿದೆ. ಅವಳು ತಪ್ಪು ಹೇಳಿದರೆ ಗಂಡ ಹೆಂಡತಿಯನ್ನಲ್ಲ, ಗುಳಿಗೆಯ ಹೊಳೆಯುವ ತಗಡಿನ ಪಟ್ಟಿಯನ್ನು ದುರುಗುಟ್ಟಿ ನೋಡುತ್ತಿದ್ದರು. ಮಗಳು ಒಂದು ದಿನ, "ಅಪ್ಪ, ನಿನ್ನೆ ನೀವೇನು ತಿಂದ್ರಿ?" ಎಂದು ಕೇಳಿದ್ದಕ್ಕೆ ಅವರು ತಲೆಯನ್ನು ಎಡಕ್ಕೆ ವಾಲಿಸಿ ಹೆಂಡತಿಯ ಕಡೆ ನೋಡಿದರು. ಮಗಳು ನೀರು ಕುಡಿಯುತ್ತಿದ್ದವಳು ಮೂಗಿಗೆ ಹತ್ತಿಸಿಕೊಂಡಳು.

ಕೋಟಕ್ಕನಿಗೆ ಮಾತ್ರ ನಗು ಬರಲಿಲ್ಲ. ಬಚ್ಚಲಲ್ಲಿ ನಿಂತು ಅವಳು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದಳು. ಹಳೆಯ ನಾಟಕಗಳ ಮಾತುಗಳೆಲ್ಲ ಇದ್ದಲ್ಲೇ ಇದ್ದವು. ಹದಿನೈದು ವರ್ಷ ಹಿಂದೆ ಆಡಿ ಬಿಟ್ಟ ನಾಟಕದ ದೂತನೊಬ್ಬನ ಒಂದೇ ಸಾಲು ಕೂಡ, ಧೂಳು ಹಿಡಿಯದೆ. ಹೋಗುತ್ತಿದ್ದುದು ಹೊಸದು, ಅದೂ ಎಲ್ಲವೂ ಅಲ್ಲ. ಮಗಳು ಜಗಳವಾಡಿದ ಗೆಳತಿಯ ಅಂಗಿಯ ಬಣ್ಣ ನೆನಪಿತ್ತು. ಅತ್ತೆಯ ಗುಳಿಗೆ ನೆನಪಿರಲಿಲ್ಲ. ಗುಳಿಗೆ ಮರೆಸುವುದಾದರೆ ಹೀಗೆ ಆರಿಸಿ ಆರಿಸಿ ಮರೆಸುತ್ತದೆಯೇ? ಇಲ್ಲವೆ, ಹೆದರಿಕೆ ಎಂಬ ಕೋಲು ಹಿಂದಿನಿಂದ ತಿವಿಯುತ್ತಿದ್ದಷ್ಟು ದಿನ ತಾನು ಇವನ್ನೆಲ್ಲ ಹೊತ್ತು ನಡೆದೆನೋ, ಈಗ ತಿವಿತ ನಿಂತಿದೆ, ಅದಕ್ಕೆ ಇಳಿಸಿಬಿಟ್ಟೆನೋ? ಮರೆತದ್ದೋ, ಮೊದಲಿಗೇ ಕೇಳಿಸಿಕೊಳ್ಳದೆ ಇದ್ದದ್ದೋ? ತೀರ್ಮಾನಿಸಬೇಕಾದದ್ದೂ ಅದೇ ತಲೆ. ಮರೆವಿನ ಮೇಲೆ ಮರೆವಿನಿಂದಲೇ ಸಾಕ್ಷಿ ಕೇಳಿದಂತಾಗಿ, ಅವಳು ತಣ್ಣಗಾದ ನೀರನ್ನು ಸುರಿದುಕೊಂಡು ಹೊರಗೆ ಬರುತ್ತಿದ್ದಳು.

ಇದೆಲ್ಲ ಮನೆಯ ಮಾತಾಗಿದ್ದರೆ ನಡೆಯುತ್ತಿತ್ತು. ಆದರೆ ರಂಗದ ಮೇಲೆ ಅವಳನ್ನೇ ನೆಚ್ಚಿಕೊಂಡ ಒಬ್ಬರಿದ್ದರು. ತಂಡದ ಹಿರಿಯ ನಟರನ್ನು ಎಲ್ಲರೂ ಯಜಮಾನರೆನ್ನುತ್ತಿದ್ದರು. ತಂಡಕ್ಕೆ ಹೆಸರು ತಂದ ನಾಟಕದಲ್ಲಿ ಅವರದು ಮನೆಯ ಯಜಮಾನನ ಪಾತ್ರ, ಅದನ್ನು ಅವರು ತಾರುಣ್ಯದಿಂದ ಆಡುತ್ತ ಬಂದು ಈಗ ಪಾತ್ರಕ್ಕಿಂತ ಮುದುಕರಾಗಿದ್ದರು. ಅವರಿಗೆ ಮಾತು ಜಾರತೊಡಗಿ ಬಹಳ ದಿನವಾಗಿತ್ತು. ಗೊತ್ತಿದ್ದವಳು ಕೋಟಕ್ಕ ಒಬ್ಬಳೇ. ಮಿಕ್ಕವರಿಗೆ ಅದು ಅವರ ಪ್ರಸಿದ್ಧ ನಿಲುಗಡೆ, ಮಾತಿನ ನಡುವೆ ಅವರು ಸೃಷ್ಟಿಸುವ ಗಾಂಭೀರ್ಯ. ವಿಮರ್ಶಕರು ಅದರ ಬಗ್ಗೆ ಬರೆದಿದ್ದರು ಕೂಡ.

"ಒಂದು ದಿನ ನೀನು ಕೊಡಲಿಲ್ಲ ಅಂದ್ರೆ" ಎಂದು ಅವರು ಮುಖದ ಬಣ್ಣ ಒರೆಸಿಕೊಳ್ಳುತ್ತ ಹೇಳಿದ್ದರು, "ನಾನು ಅಲ್ಲೇ ಕುರ್ಚಿ ಥರ ನಿಂತಿರ್ತೀನಿ ನೋಡು. ಯಾರಾದ್ರೂ ಎತ್ಕೊಂಡು ಒಳಗಿಡಬೇಕು."

ಆ ಹಳೆಯ ನಾಟಕವನ್ನು ಮತ್ತೆ ಆಡುವುದೆಂದಾಯಿತು. ನಿರ್ದೇಶಕ ಕೋಟಕ್ಕನಿಗಿಂತ ಕಿರಿಯ, ಅವಸರದ ಮನುಷ್ಯ. ಈಗಿನವರಿಗೆ ಇಷ್ಟುದ್ದ ಕೂರಲು ಆಗುವುದಿಲ್ಲ ಎಂದು ನಾಟಕವನ್ನು ಅಲ್ಲಲ್ಲಿ ಕತ್ತರಿಸಿದ. ಮೂರನೆಯ ಅಂಕದಲ್ಲಿ, ಊರಿನ ವ್ಯಾಜ್ಯಗಳನ್ನೆಲ್ಲ ತೀರಿಸಿ ಮನೆಗೆ ಬಂದ ಯಜಮಾನ ಕುರ್ಚಿಯಲ್ಲಿ ಕೂತು, "ಈ ಮನೆಯಲ್ಲಿ ನನಗೆ ಹೇಳದೆ ಉಳಿದದ್ದು ಏನಾದರೂ ಇದೆಯೇ?" ಎಂದು ಕೇಳುತ್ತಾನೆ. ಅದಕ್ಕೆ ಹೆಂಡತಿ ಬಹಳ ಹೊತ್ತು ಉತ್ತರ ಕೊಡುತ್ತಾಳೆ. ನಿರ್ದೇಶಕ ಆ ಪ್ರಶ್ನೆಯನ್ನೂ ಉತ್ತರವನ್ನೂ ತೆಗೆದುಹಾಕಿದ. ಅದರ ಬದಲು ಯಜಮಾನ, "ದೀಪ ಆರಿಸು" ಎನ್ನುತ್ತಾನೆ, ಹೆಂಡತಿ ಆರಿಸುತ್ತಾಳೆ, ಪರದೆ. ಇದು ಒಂದು ಸಂಜೆಯ ತಾಲೀಮಿನಲ್ಲಿ ತೀರ್ಮಾನವಾಯಿತು. ತಾಲೀಮಿಗೆ ಬರುವ ಮುನ್ನ ಅರ್ಧ ಗುಳಿಗೆ ತೆಗೆದುಕೊಳ್ಳುವುದು ಆಗ ಕೋಟಕ್ಕನ ರೂಢಿ.

ಪ್ರದರ್ಶನದ ಬೆಳಿಗ್ಗೆ ಗಂಡ ಹೇಳಿದರು: "ಇವತ್ತೊಂದು ದಿನ ಅದನ್ನ ನುಂಗಬೇಡ. ಅಲ್ಲೂ ಬಲೂನ್ ನೋಡ್ತಾ ಕೂತ್ರೆ ನಾಟಕದ ಗತಿ ಏನು?"

ಅವರು ಹೇಳಿದ್ದರಲ್ಲಿ ಹುರುಳಿಲ್ಲದೆ ಇರಲಿಲ್ಲ. ನೀವಾಗಿ ನಿಲ್ಲಿಸಬೇಡಿ ಎಂಬ ವೈದ್ಯೆಯ ಮಾತೂ ಕಿವಿಯಲ್ಲಿತ್ತು. ತೆಗೆದುಕೊಂಡರೆ ಮರೆವು ಬಂದು ಯಜಮಾನರು ಕುರ್ಚಿಯಾಗುತ್ತಾರೆ. ಬಿಟ್ಟರೆ ಗಂಟಲು ಮುಚ್ಚಿಕೊಂಡು ಯಜಮಾನರು ಕುರ್ಚಿಯಾಗುತ್ತಾರೆ. ಇಡೀ ದಿನ ಅವಳು ಈ ಎರಡರ ನಡುವೆ ಹೋಗಿ ಬಂದು ಹೋಗಿ ಬಂದು ಸವೆದುಹೋದಳು. ಸಂಜೆ ರಂಗಮಂದಿರದ ಸ್ಟೂಲಿನ ಮೇಲೆ ಕೂತು ಕೋಟಿನ ಜೇಬಿಗೆ ಕೈ ಹಾಕಿದಾಗ, ಅರ್ಧ ಗುಳಿಗೆ ಸುತ್ತಿಟ್ಟ ಕಾಗದ ಸಿಕ್ಕಿತು. ಬಿಡಿಸಿದಳು. ಖಾಲಿ. ಇವತ್ತು ತೆಗೆದುಕೊಂಡದ್ದಕ್ಕೆ ಖಾಲಿಯೋ, ನಿನ್ನೆಯದೇ ಖಾಲಿ ಕಾಗದವೋ? ನಾಲಗೆಯನ್ನು ಅಂಗುಳಕ್ಕೆ ಒತ್ತಿ ಕಹಿ ಹುಡುಕಿದಳು. ಪೆಪ್ಪರ್‌ಮಿಂಟಿನ ರುಚಿ ಇತ್ತು. ಎದೆ ಡವಗುಟ್ಟುತ್ತಿದೆಯೇ ಎಂದು ಕೈಯಿಟ್ಟಳು. ದಪ್ಪ ಕೋಟಿನ ಮೇಲಿನಿಂದ ಏನೂ ತಿಳಿಯಲಿಲ್ಲ. ಪರದೆ ಎದ್ದಿತು.

ಎರಡು ಅಂಕ ನೀರು ಹರಿದಂತೆ ಹೋಯಿತು. ಯಜಮಾನರ ಕತ್ತಿನ ನರ ಎದ್ದಾಗಲೆಲ್ಲ ಪಿಸುಮಾತು ಹೋಗಿ ತಲುಪಿತು. ಪ್ರೇಕ್ಷಕರು ಗಾಂಭೀರ್ಯವನ್ನು ಸವಿದರು. ಮೂರನೆಯ ಅಂಕ. ಯಜಮಾನರು ಬಂದರು, ರುಮಾಲು ಬಿಚ್ಚಿ ಮೊಳೆಗೆ ಸಿಕ್ಕಿಸಿದರು, ಕುರ್ಚಿಯಲ್ಲಿ ಕೂತು ನಿಟ್ಟುಸಿರಿಟ್ಟರು. ಹೆಂಡತಿಯ ಪಾತ್ರದ ನಟಿ ದೀಪದ ಬಳಿ ಹೋಗಿ ನಿಂತಳು. ಅವಳು ಹಗಲಿಡೀ ಒಂದು ಔಷಧದ ಅಂಗಡಿಯಲ್ಲಿ ನಿಂತು ದುಡಿದು ಸಂಜೆ ಇಲ್ಲಿಗೆ ಬಂದು ನಿಲ್ಲುವವಳು. ಯಜಮಾನರ ತಲೆ ಎಡಕ್ಕೆ ವಾಲಿತು.

ಕೋಟಕ್ಕನ ತುಟಿ ಅಲುಗಿತು. ಮೊಣಕಾಲ ಮೇಲೆ ಪುಸ್ತಕ ಮುಚ್ಚಿತ್ತು. ಪದಗಳು ತಾವಾಗಿ ಬಂದವು, ಎಷ್ಟೋ ವರ್ಷದ ಸಂಜೆಗಳಲ್ಲಿ ಬಂದಂತೆ, ದುಂಡಗೆ, ಸರಿಯಾದ ಗಳಿಗೆಗೆ.

"ಈ ಮನೆಯಲ್ಲಿ."

ಯಜಮಾನರು ಹಿಡಿದುಕೊಂಡರು. "ಈ ಮನೆಯಲ್ಲಿ ನನಗೆ ಹೇಳದೆ ಉಳಿದದ್ದು ಏನಾದರೂ ಇದೆಯೇ?"

ಎದುರುಗಡೆಯ ವಿಂಗಿನಲ್ಲಿ ನಿರ್ದೇಶಕ ಎರಡೂ ಕೈಯಿಂದ ತಲೆ ಹಿಡಿದುಕೊಂಡದ್ದು ಕಂಡಾಗ ಕೋಟಕ್ಕನಿಗೆ ಏನೋ ಆಯಿತೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ದೀಪ ಆರಿಸಲು ಕೈ ಚಾಚಿದ್ದ ನಟಿಯ ಕೈ ಗಾಳಿಯಲ್ಲಿ ನಿಂತಿತು. ಅವಳು ಒಮ್ಮೆ ವಿಂಗಿನ ಕಡೆ ನೋಡಿದಳು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬಟ್ಟೆಗೆ ಒರೆಸಿಕೊಂಡು, ಯಜಮಾನರ ಎದುರಿನ ಮಣೆಯನ್ನು ಎಳೆದು ಕೂತಳು.

"ಇದೆ. ನಾನು ಕೂತದ್ದನ್ನು ನೀವು ನೋಡಿಲ್ಲ. ಹೇಳದೆ ಉಳಿದದ್ದರಲ್ಲಿ ಅದು ಮೊದಲನೆಯದು. ನೀವು ಬರುವ ಸದ್ದಿಗೆ ಎದ್ದಿರುತ್ತೇನೆ, ಹೋದ ಸದ್ದಿಗೆ ಬಾಗಿಲಿಗೆ ಬಂದಿರುತ್ತೇನೆ. ಎರಡು ಸದ್ದುಗಳ ನಡುವೆ ಇದೇ ಮಣೆಯ ಮೇಲೆ ಒಬ್ಬಳು ಕೂರುತ್ತಾಳೆ, ಅವಳ ಪರಿಚಯ ನಿಮಗೆ ಮಾಡಿಕೊಟ್ಟಿಲ್ಲ."

ಮಾತು ಮುಂದುವರಿಯಿತು. ಕತ್ತರಿಸುವ ಮುನ್ನ ಕಲಿತು ಬಿಟ್ಟಿದ್ದ ಮಾತು ನಟಿಯ ಬಾಯಲ್ಲಿ ಎರಡು ಕಡೆ ತೊದಲಿತು, ಕೋಟಕ್ಕ ಎರಡು ಕಡೆಯೂ ಕೊಟ್ಟಳು. ಸಭಾಂಗಣದಲ್ಲಿ ಕೆಮ್ಮುತ್ತಿದ್ದವರು ಕೆಮ್ಮು ನುಂಗಿಕೊಂಡರು. ಯಜಮಾನರು ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಕೂತರು. ಅದು ಅಭಿನಯವೋ, ಎಲ್ಲಿದ್ದೇನೆಂದು ತಿಳಿಯದ ಮುದುಕನ ಗಾಬರಿಯೋ, ಹೇಳುವುದು ಕಷ್ಟ.

ಪರದೆ ಬಿದ್ದ ಮೇಲೆ ನಿರ್ದೇಶಕ ಓಡಿ ಬಂದ. "ಅಕ್ಕ, ಅದನ್ನ ತೆಗೆದಿದ್ವಲ್ಲ. ಮರೆತುಬಿಟ್ರಾ? ಇಲ್ಲ ಬೇಕಂತಲೇ ಕೊಟ್ರಾ? ಯಾವುದು ಅಂತ ಹೇಳಿಬಿಡಿ."

"ತೆಗೆದಿದ್ವಾ?" ಎಂದಳು ಕೋಟಕ್ಕ.

"ಅಯ್ಯೋ ಅಕ್ಕ" ಎಂದಳು ನಟಿ, "ತೆಗೆದಿದ್ದಾರೆ ಅಂತ ನನಗೆ ಹೇಳಿದ್ದೇ ನೀವು. ಅವತ್ತು ನಾನು ಅಂಗಡಿಯಿಂದ ತಡವಾಗಿ ಬಂದೆನಲ್ಲ, ನನ್ನ ತೋಳಿಗೆ ಪಿನ್ ಹಾಕ್ತಾ ಹೇಳಿದ್ರಿ. 'ಒಳ್ಳೆ ಮಾತು, ಹೋಯ್ತು' ಅಂದ್ರಿ. ನೆನಪಿಲ್ವಾ?"

ಪಿನ್ನು ನೆನಪಿತ್ತು. ತೋಳು ನೆನಪಿತ್ತು. ಮಾತು ನೆನಪಿರಲಿಲ್ಲ. ಅದಿದ್ದ ಜಾಗದಲ್ಲಿ ಒರೆಸಿದ ಗುರುತೂ ಇರಲಿಲ್ಲ. ಒಳ್ಳೆಯ ಮಾತು ಎಂದು ಅಂದವಳು ತಾನೇ ಆಗಿದ್ದರೆ, ಆ ಹೊತ್ತಿಗೆ ಅದನ್ನು ಕೊಟ್ಟವಳು ಮರೆತ ಕೋಟಕ್ಕನೋ, ಮರೆಯದೆ ಒಳಗೆ ಎಲ್ಲೋ ಕೂತಿದ್ದ ಇನ್ನೊಬ್ಬಳೋ? ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಯಾರೂ ಪಿಸುಗುಟ್ಟಲಿಲ್ಲ. ಅವಳಿಗೆ ಪ್ರಾಂಪ್ಟ್ ಮಾಡುವವರು ಅಲ್ಲಿ ಯಾರೂ ಇರಲಿಲ್ಲ.

"ಗೊತ್ತಿಲ್ಲ" ಎಂದಳು. "ನಿಜವಾಗ್ಲೂ ಗೊತ್ತಿಲ್ಲ ನನಗೆ."

"ಇದು ಹೀಗಾದ್ರೆ ನಡೆಯಲ್ಲ ಅಕ್ಕ" ಎಂದ ನಿರ್ದೇಶಕ. "ಈಗ ಕಿವಿಯೊಳಗೆ ಇಡೋ ಸಣ್ಣ ಮಿಷನ್ ಬಂದಿದೆ. ಹಿಂದಿನಿಂದ ಯಾರಾದ್ರೂ ಓದಿದ್ರೆ ಸಾಕು."

"ಕಿವಿಗೆ ಏನಾದ್ರೂ ಇಟ್ಟರೆ ನನ್ನ ಹೆಣದ ಕಿವಿಗೆ ಇಡು" ಎಂದರು ಯಜಮಾನರು. "ನನಗೂ ನೆನಪಿರಲಿಲ್ಲ ಮಾರಾಯ, ತೆಗೆದದ್ದು. ಅವಳು ಕೊಟ್ಟಳು, ನಾನು ಹೇಳಿದೆ. ಇಷ್ಟು ವರ್ಷ ಅದೇ ತಾನೇ ನಡೆದಿರೋದು. ನನ್ನ ಮರೆವಿಗೆ ನೀನು ಗಾಂಭೀರ್ಯ ಅಂತೀಯ. ಅವಳದಕ್ಕೆ ಮಾತ್ರ ಮಿಷನ್ನಾ?"

ಅವರು ಬಾಯಿ ತಪ್ಪಿ ಆಡಿದರೋ, ತಿಳಿದೇ ಆಡಿದರೋ. ತಂಡದವರಿಗೆಲ್ಲ ಅಂದು ಗುಟ್ಟು ತಿಳಿಯಿತು. ಕೋಟಕ್ಕ ಕೋಟಿನ ಗುಂಡಿಯೊಂದನ್ನು ತಿರುಗಿಸುತ್ತ ನೆಲ ನೋಡಿದಳು.

ಅತ್ತೆ ಆ ಪ್ರದರ್ಶನಕ್ಕೆ ಬಂದಿದ್ದರು, ಎರಡನೆಯ ಸಾಲಿನಲ್ಲಿ, ಮಂಡಿ ನೀಡಿಕೊಳ್ಳಲು ಜಾಗವಿರುವ ಕೊನೆಯ ಕುರ್ಚಿಯಲ್ಲಿ. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿದರು: "ಆ ಹೆಂಗಸು ಮಣೆ ಎಳೆದುಕೊಂಡು ಕೂತಳಲ್ಲ, ಆ ಮಾತು ನೀನು ಸೇರಿಸಿದ್ದಾ?"

"ಇಲ್ಲ ಅತ್ತೆ. ಮೊದಲಿಂದಲೂ ಇತ್ತು. ತೆಗೆದಿದ್ರಂತೆ."

"ತೆಗೆದಿದ್ದು ಯಾಕೆ?"

"ಉದ್ದ ಆಯ್ತು ಅಂತ."

ಅತ್ತೆ ಕಪಾಟಿನ ಮುಂದೆ ಹೋಗಿ ಗುಳಿಗೆಯ ಡಬ್ಬಿ ತೆಗೆದು, ಎರಡು ಪಟ್ಟಿಗಳನ್ನು ಬೆಳಕಿಗೆ ಹಿಡಿದು, "ಮಂಡಿದು ಇದು ತಾನೆ?" ಎಂದು ತಮ್ಮಷ್ಟಕ್ಕೆ ಗೊಣಗಿದರು. ಕೋಟಕ್ಕನ ತುಟಿ ಅಲುಗಲು ಹೊರಟಿತು, ಅಲುಗಲಿಲ್ಲ. ಅತ್ತೆ ಸರಿಯಾದುದನ್ನೇ ನುಂಗಿದರು, ಮುಖ ಮಾತ್ರ ಯಾರಿಂದಲೋ ಮೋಸಹೋದವರಂತೆ ಇತ್ತು.

ವೈದ್ಯೆಗೆ ಎಲ್ಲವನ್ನೂ ಹೇಳಿದಾಗ ಅವರು ನಗಲಿಲ್ಲ. ಹೊಸ ಬದಲಾವಣೆ ಅಂಟದೆ ಹಳೆಯದು ಮೇಲೆ ಬಂದದ್ದಕ್ಕೆ ಗುಳಿಗೆ ಕಾರಣವಿರಬಹುದು ಎಂದರು; ದಣಿವಿರಬಹುದು, ವಯಸ್ಸಿನ ಏರುಪೇರೂ ಇರಬಹುದು ಎಂದರು; ಇಂತಿಷ್ಟು ಇದರಿಂದ, ಇಂತಿಷ್ಟು ಅದರಿಂದ ಎಂದು ಬಿಡಿಸಿ ತೋರಿಸುವ ಯಂತ್ರ ನನ್ನ ಹತ್ತಿರ ಇಲ್ಲ ಎಂದರು. ಪ್ರದರ್ಶನ, ತಾಲೀಮುಗಳಿದ್ದ ದಿನ ಗುಳಿಗೆಯನ್ನು ಮನೆಗೆ ಬಂದ ಮೇಲೆ ತೆಗೆದುಕೊಳ್ಳಿ, ಮುಂದೆ ನಿಧಾನವಾಗಿ ಇಳಿಸೋಣ ಎಂದು ಸಮಯ ಬದಲಾಯಿಸಿದರು. ಹೊರಡುವಾಗ, "ಮರೆತು ಹೋದದ್ದರಲ್ಲಿ ನಿಮಗೆ ವಾಪಸು ಬೇಕು ಅನ್ನಿಸೋದು ಯಾವುದು?" ಎಂದು ಕೇಳಿದರು. ಕೋಟಕ್ಕ ಬಾಗಿಲಲ್ಲಿ ನಿಂತು ಯೋಚಿಸಿದಳು. ನಟಿಯ ತೋಳಿಗೆ ಪಿನ್ನು ಹಾಕುವಾಗ ಆಡಿದ ಆ ಒಂದು ಮಾತು ಎಂದಳು. ಬೇರೆ ಯಾವುದೂ ತಕ್ಷಣಕ್ಕೆ ನೆನಪಿಗೆ ಬರಲಿಲ್ಲ.

ಅವಳ ಸ್ಟೂಲು ಉಳಿಯಿತು. ಯಜಮಾನರು ಹಟ ಹಿಡಿದದ್ದರಿಂದ. ಷರತ್ತು ಒಂದೇ, ಪುಸ್ತಕ ತೆರೆದಿರಬೇಕು. ಈಗ ಅವಳು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತ ಕೂರುತ್ತಾಳೆ, ಹೊಸದಾಗಿ ಸೇರಿದವಳಂತೆ. ಹೆಂಡತಿಯ ಮಾತು ನಾಟಕಕ್ಕೆ ವಾಪಸು ಬಂತು. ಅದನ್ನು ಮರಳಿ ತರುವುದು ತನಗೆ ಕೊನೆಯ ಗಳಿಗೆಯಲ್ಲಿ ಹೊಳೆಯಿತೆಂದು ನಿರ್ದೇಶಕ ಕೇಳಿದವರಿಗೆ ಹೇಳುತ್ತಾನೆ, ಹೇಳಿ ಹೇಳಿ ಈಗ ಹಾಗೆಂದೇ ನಂಬಿದ್ದಾನೆ. ಅವನು ಯಾವ ಗುಳಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಗಂಡ ಸಮಾರಂಭಗಳಲ್ಲಿ ಎದುರು ಬಂದವರಿಗೆಲ್ಲ, "ನಮಸ್ಕಾರ, ಎಲ್ಲರೂ ಕ್ಷೇಮವೇ?" ಎಂಬ ಒಂದೇ ಮಾತನ್ನು ಬಳಸುತ್ತಿದ್ದಾರೆ. ಜನ ಅವರಿಗೆ ವಯಸ್ಸಾಯಿತು ಎನ್ನುತ್ತಾರೆ. ಕೋಟಕ್ಕ ಪಕ್ಕದಲ್ಲಿ ನಿಂತಿರುತ್ತಾಳೆ, ಹಿಂದಲ್ಲ. ಹೆಸರು ಗೊತ್ತಿದ್ದೂ ಸುಮ್ಮನಿದ್ದಾಳೋ, ನಿಜಕ್ಕೂ ಗೊತ್ತಿಲ್ಲವೋ ಎಂದು ಗಂಡ ಓರೆಗಣ್ಣಿನಿಂದ ನೋಡುತ್ತಾರೆ. ಅವಳೂ ತನ್ನೊಳಗೆ ಅದನ್ನೇ ನೋಡುತ್ತಿರುತ್ತಾಳೆ.

ಪ್ರತಿ ಮನೆಯಲ್ಲಿ, ಪ್ರತಿ ಕಚೇರಿಯಲ್ಲಿ ಇಂಥವರೊಬ್ಬರು ಇರುತ್ತಾರೆ. ಇತರರ ಮುಂದಿನ ಮಾತನ್ನು ತಮ್ಮ ತುಟಿಯ ಮೇಲೆ ಹಿಡಿದುಕೊಂಡು ಬಟ್ಟೆಯ ಮರೆಯಲ್ಲಿ ಕೂತು ಅವರು ಆಯುಷ್ಯ ಕಳೆಯುತ್ತಾರೆ. ಅವರ ಪಿಸುಮಾತು ಕೇಳಿಸುವಷ್ಟು ದಿನ ಅವರು ಇದ್ದಾರೆಂದು ಯಾರಿಗೂ ತೋರುವುದಿಲ್ಲ. ಒಂದು ದಿನ ಅವರ ತುಟಿ ನಿಲ್ಲುತ್ತದೆ. ಆಗ ನಾವು ಗಾಬರಿಯಿಂದ ಅವರ ಕಪಾಟು ತೆರೆದು, ಏನು ನುಂಗಿದರು, ಎಷ್ಟು ನುಂಗಿದರು ಎಂದು ಪಟ್ಟಿ ಹಿಡಿದು ಎಣಿಸುತ್ತೇವೆ. ಅವರೂ ನಮ್ಮೊಂದಿಗೆ ನಿಂತು ಎಣಿಸುತ್ತಾರೆ, ಏಕೆಂದರೆ ಉತ್ತರ ಅವರಿಗೂ ಬೇಕಾಗಿದೆ. ಆದರೆ ಎಣಿಸುತ್ತಿರುವಾಗ ಅವರ ಮುಖವನ್ನು ಸ್ವಲ್ಪ ನೋಡಬೇಕು. ತಮ್ಮದೇ ಮುಂದಿನ ಮಾತು ಯಾವುದೆಂದು ತಿಳಿಯದೆ, ಅದು ಬರುವವರೆಗೆ ಕಾಯಲು ಅವರು ಆಗತಾನೇ ಕಲಿಯುತ್ತಿರುತ್ತಾರೆ.